ಹೆಚ್ಚಾದ ಅಕ್ಕಿ, ಹೆಚ್ಚಾದ ಕರೆಂಟು

ಆಯ್ದಕ್ಕಿ ಮಾರಯ್ಯ–ಲಕ್ಕಮ್ಮನ ಕಥೆಯನ್ನು ಕೇಳದ ಕನ್ನಡಿಗರು ಕಡಿಮೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ದಂಪತಿ. ಶರಣರು ಸೇರುವ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡನ ಕಾಯಕ. ಅದನ್ನು ಬೇಯಿಸಿ ಜಂಗಮರಿಗೆ ನೀಡಿ ಉಣ್ಣುವುದು ಇಬ್ಬರ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ದುರಾಸೆ ಬೇಡ ಎನ್ನುವುದಕ್ಕೆ ಈ ಕಥೆಯನ್ನು ಹೇಳುವುದು ರೂಢಿ. ಆದರೆ ಅದರೊಳಗೆ ಇನ್ನೂ ಸೂಕ್ಷ್ಮವಾದದ್ದೊಂದಿದೆ. ಹೆಚ್ಚಿನ ಅಕ್ಕಿಯನ್ನು ಬಡವರಿಗೆ ದಾನ ಮಾಡು ಎಂದು ಲಕ್ಕಮ್ಮ ಹೇಳಬಹುದಿತ್ತು, ಹೇಳಲಿಲ್ಲ. ದಾನ ಮಾಡಬೇಕಾದರೆ ಅಕ್ಕಿ ಮೊದಲು ತಮ್ಮದಾಗಬೇಕು. ತಮ್ಮದಾದ ಮೇಲೆ ಕೊಟ್ಟರೆ ಅಕ್ಕಿ ಹೋಗುತ್ತದೆ, ಕೊಟ್ಟವರೆಂಬ ಹೆಸರು ಮನೆಯಲ್ಲಿ ಉಳಿಯುತ್ತದೆ. ಸುರಿದು ಬಂದವನಿಗೆ ಆ ಹೆಸರೂ ಇಲ್ಲ. ದಾನಕ್ಕೂ ಮರಳಿಸುವುದಕ್ಕೂ ನಡುವಿನ ಈ ಅಂತರ ಹನ್ನೆರಡನೆಯ ಶತಮಾನದ ಅಡುಗೆಮನೆಗೆ ಮಾತ್ರ ಸೇರಿದ್ದಲ್ಲ. ಇವತ್ತು ಪುರಸಭೆ ಕಟ್ಟಡದ ತಾರಸಿಯ ಮೇಲೆ ಗ್ರಿಡ್‌ಗೆ ಜೋಡಿಸಿದ ಸೋಲಾರ್ ಫಲಕಗಳನ್ನು ಕೂರಿಸುವಾಗ, ಅಲ್ಲಿ ನಡೆಯುತ್ತಿರುವುದಾದರೂ ಏನು, ಉಳಿತಾಯವೋ, ದಾನವೋ, ಋಣ ತೀರಿಸುವುದೋ ಎಂಬ ಪ್ರಶ್ನೆಗೆ ಲಕ್ಕಮ್ಮನ ಮಾತಿಗಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ.

ತಾರಸಿಯ ಸೋಲಾರ್ ಎಂದೊಡನೆ ಬಹಳ ಜನರಿಗೆ ನೆನಪಾಗುವುದು ನೀರು ಕಾಯಿಸುವ ಟ್ಯಾಂಕು, ಇಲ್ಲವೇ ಬ್ಯಾಟರಿ ಹೊತ್ತ ಬೀದಿದೀಪ. ಗ್ರಿಡ್‌ಗೆ ಜೋಡಿಸಿದ ವ್ಯವಸ್ಥೆ ಇವೆರಡೂ ಅಲ್ಲ. ಫಲಕಗಳಲ್ಲಿ ಹುಟ್ಟುವ ಡಿ.ಸಿ. ವಿದ್ಯುತ್ತನ್ನು ಇನ್ವರ್ಟರ್ ಎ.ಸಿ.ಗೆ ಬದಲಿಸಿ, ಬೀದಿಯ ಲೈನಿನಲ್ಲಿ ಸೆಕೆಂಡಿಗೆ 50 ಸಲ ಮಿಡಿಯುತ್ತಿರುವ ಅಲೆಯ ತಾಳಕ್ಕೆ ತನ್ನ ತಾಳವನ್ನು ಸರಿಯಾಗಿ ಕೂಡಿಸಿ ಒಳಗೆ ಬಿಡುತ್ತದೆ. ಬ್ಯಾಟರಿ ಇರುವುದಿಲ್ಲ. ಕಟ್ಟಡಕ್ಕೆ ಬೇಕಾದಷ್ಟು ಒಳಗೇ ಖರ್ಚಾಗುತ್ತದೆ, ಮಿಕ್ಕಿದ್ದು ಲೈನಿಗೆ ಹೋಗುತ್ತದೆ, ಸಾಲದಿದ್ದಾಗ ಲೈನಿನಿಂದ ಬರುತ್ತದೆ; ಹೋದದ್ದನ್ನೂ ಬಂದದ್ದನ್ನೂ ಒಂದೇ ಮೀಟರು ಬರೆದುಕೊಳ್ಳುತ್ತದೆ. ಒಂದು ಲೆಕ್ಕ ಹಾಕೋಣ. ಒಂದು ಕಿಲೋವ್ಯಾಟ್ ಫಲಕಗಳಿಗೆ ಸುಮಾರು 10 ಚದರ ಮೀಟರ್ ಜಾಗ ಬೇಕು. ನಮ್ಮ ಬಿಸಿಲಿನಲ್ಲಿ ಅಷ್ಟು ಫಲಕದಿಂದ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಸಾಧಾರಣ ಪುರಸಭೆ ಕಚೇರಿಯ ತಾರಸಿಯಲ್ಲಿ 200 ಚದರ ಮೀಟರ್ ಸಿಕ್ಕರೆ 20 ಕಿಲೋವ್ಯಾಟ್ ಕೂರುತ್ತದೆ, ದಿನಕ್ಕೆ 80 ಯೂನಿಟ್, ವರ್ಷಕ್ಕೆ 29 ಸಾವಿರದಷ್ಟು. ಕಚೇರಿ ನಡೆಯುವುದು ಹಗಲು ಹೊತ್ತು, ಸೂರ್ಯನೂ ಅದೇ ಪಾಳಿಯವನು, ಆದ್ದರಿಂದ ಕೆಲಸದ ದಿನ ಹೆಚ್ಚಿನ ಪಾಲು ಫ್ಯಾನು, ಕಂಪ್ಯೂಟರುಗಳಿಗೇ ಸಲ್ಲುತ್ತದೆ. ಆದರೆ 52 ಭಾನುವಾರ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸೇರಿ 24, ಮೇಲೆ ಹಬ್ಬ, ಜಯಂತಿಗಳ ರಜೆ 20ರ ಹತ್ತಿರ. ಹೀಗೆ ವರ್ಷದ ಕಾಲು ಭಾಗ ಕಚೇರಿಗೆ ಬೀಗ. ಸೂರ್ಯನಿಗೆ ರಜೆ ಇಲ್ಲ. ಆ 95 ದಿನಗಳಲ್ಲಿ ಏಳು ಸಾವಿರಕ್ಕೂ ಮೇಲ್ಪಟ್ಟು ಯೂನಿಟ್ ಯಾರೂ ಇಲ್ಲದ ಕಟ್ಟಡದಿಂದ ಹೊರಗೆ ಹರಿಯುತ್ತದೆ. ಅದು ಎಲ್ಲಿಗೆ ಹೋಗುತ್ತದೆ? ದೂರದ ಯಾವುದೋ ಉಗ್ರಾಣಕ್ಕಲ್ಲ. ಅದೇ ಟ್ರಾನ್ಸ್‌ಫಾರ್ಮರಿನ ಕೆಳಗಿರುವ ಚಹಾದಂಗಡಿಯ ಫ್ರಿಜ್ಜಿಗೆ, ಎದುರು ಸಾಲಿನ ಮನೆಯ ಮಿಕ್ಸಿಗೆ, ಪಕ್ಕದ ಟೈಲರನ ಇಸ್ತ್ರಿಪೆಟ್ಟಿಗೆಗೆ. ಕೊಟ್ಟದ್ದು ಯಾರೆಂದು ಅವರಿಗೆ ತಿಳಿಯುವುದಿಲ್ಲ, ಪಡೆದದ್ದು ಯಾರೆಂದು ಪುರಸಭೆಗೂ ತಿಳಿಯುವುದಿಲ್ಲ. ಕೊಡುವ ಕೈ, ಪಡೆಯುವ ಕೈ ಒಂದನ್ನೊಂದು ಕಾಣದ ಹಾಗೆ ಆಗಬೇಕೆಂದು ಧರ್ಮಗಳೆಲ್ಲ ಬಯಸಿದ್ದನ್ನು ಇಲ್ಲಿ ಬೀದಿಯ ತಂತಿ ತನ್ನ ಪಾಡಿಗೆ ಮಾಡಿ ಮುಗಿಸುತ್ತದೆ.

ಅಷ್ಟಕ್ಕೆ ಇದನ್ನು ಗುಪ್ತದಾನ ಎಂದು ಕೊಂಡಾಡಬಹುದೇ? ಕೂಡದು ಎನ್ನುವುದೇ ನನ್ನ ವಾದ. ಏಕೆಂದರೆ ಆ ಕಟ್ಟಡ ಹಿಂದಿನಿಂದಲೂ ಸಾಲಗಾರ. ಕೋಲಾರದ ಚಿನ್ನದ ಗಣಿಗಾಗಿ 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರನ್ನು ಕರೆಂಟಾಗಿ ಪರಿವರ್ತಿಸಿದ ದಿನದಿಂದ ಈ ನಾಡಿನ ವಿದ್ಯುತ್ತಿಗೆ ಒಂದು ಗುಣ ಅಂಟಿಕೊಂಡಿದೆ: ಹುಟ್ಟುವುದು ಒಂದು ಕಡೆ, ಬೆಳಗುವುದು ಇನ್ನೊಂದು ಕಡೆ. ಬೆಂಗಳೂರಿನ ಬೀದಿಗೆ 1905ರಲ್ಲಿ ದೀಪ ಬಂದದ್ದೂ ಆ ನೀರಿನಿಂದಲೇ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿ ಕಣಿವೆಯ ಊರುಗಳು, ಗದ್ದೆ ತೋಟಗಳು ನೀರಿನಡಿ ಹೋದವು, ಎದ್ದುಹೋದವರ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಸುತ್ತುತ್ತಿದ್ದಾರೆ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರ ಕಲ್ಲಿದ್ದಲು ಸುಡುತ್ತದೆ. ಕರೆಂಟು ರಾಜ್ಯಕ್ಕೆಲ್ಲ, ಹಾರುಬೂದಿ ಅಲ್ಲಿಯ ಊರುಗಳಿಗೆ. ಪಾವಗಡದಲ್ಲಿ 13 ಸಾವಿರ ಎಕರೆಯ ಹತ್ತಿರ ಜಮೀನು 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಜಮೀನಿದ್ದವರಿಗೆ ವರ್ಷಾವರ್ಷ ಬಾಡಿಗೆ ಬರುತ್ತದೆ, ಆ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಪುರಸಭೆಯ ಮುಖ್ಯಾಧಿಕಾರಿಯ ಕೋಣೆಯಲ್ಲಿ ತಿರುಗುವ ಫ್ಯಾನಿನ ಒಂದೊಂದು ಸುತ್ತಿನಲ್ಲೂ ಇವರಲ್ಲಿ ಯಾರದೋ ಪಾಲು ಇದೆ. ಹುಟ್ಟಿನಿಂದಲೇ ಅಂಟುವ ಮೂರು ಋಣಗಳನ್ನು ತೈತ್ತಿರೀಯ ಸಂಹಿತೆ ಹೇಳಿತು; ಶತಪಥ ಬ್ರಾಹ್ಮಣ ಅದಕ್ಕೆ ನಾಲ್ಕನೆಯದಾಗಿ ಮನುಷ್ಯಋಣವನ್ನು ಸೇರಿಸಿತು. ದೇವರಿಗೆ, ಋಷಿಗಳಿಗೆ, ಪಿತೃಗಳಿಗೆ ಇರುವಂತೆ ಸುತ್ತಲಿನ ಮನುಷ್ಯರಿಗೂ ನಾವು ಬಾಕಿ. ಇದನ್ನು ಒಪ್ಪಲು ವೇದವನ್ನು ನಂಬಬೇಕೆಂದೇನೂ ಇಲ್ಲ. ಬೀದಿದೀಪದ, ನೀರು ಸರಬರಾಜಿನ ಬಿಲ್ಲನ್ನು ಸ್ಥಳೀಯ ಸಂಸ್ಥೆಗಳು ವರ್ಷಗಟ್ಟಲೆ ಕಟ್ಟುವುದಿಲ್ಲವೆಂಬುದು ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳ ಹಳೆಯ ದೂರು. ಅಂದಮೇಲೆ ಇಲ್ಲಿ ಋಣ ಎಂಬ ಮಾತು ರೂಪಕವಾಗುವ ಮೊದಲೇ ರೊಕ್ಕದ ಲೆಕ್ಕ.

ಹೀಗಿರುವಾಗ ತಾರಸಿಯಿಂದ ಹೊರಗೆ ಹೋಗುವ ಯೂನಿಟ್ಟನ್ನು ಪುರಸಭೆಯ ಔದಾರ್ಯವೆಂದು ಹೇಗೆ ಕರೆಯುವುದು? ಕೊಟ್ಟವರು ಮೊದಲೇ ಬೇರೆ ಇದ್ದಾರೆ. ಇದು ಮರಳಿಸುವ ಕೆಲಸ, ಅದೂ ಅಲ್ಪಸ್ವಲ್ಪ. ನಮ್ಮ ಕಚೇರಿಗಳಿಗೆ ಮಾತ್ರ ಇದು ಸಲೀಸಾಗಿ ಇಳಿಯುವುದಿಲ್ಲ. ಫಲಕ ಕೂರುತ್ತಲೇ ಬಾಗಿಲಲ್ಲಿ ಗ್ರಾನೈಟ್ ಕಲ್ಲು ಬರುತ್ತದೆ, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಗೌರವ ಉಪಸ್ಥಿತರು ಎಲ್ಲರ ಹೆಸರೂ ಅದರ ಮೇಲೆ. ಪಕ್ಕದಲ್ಲಿ ಒಂದು ಬೋರ್ಡು: ಇಷ್ಟು ಟನ್ ಇಂಗಾಲ ಉಳಿಸಿದ್ದೇವೆ, ಇಷ್ಟು ಮರ ನೆಟ್ಟದ್ದಕ್ಕೆ ಸಮ. ಲೆಕ್ಕವೇನೂ ಸುಳ್ಳಲ್ಲ. ನಮ್ಮ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ 0.7 ಕೆ.ಜಿ.ಯ ಆಸುಪಾಸು ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. 20 ಕಿಲೋವ್ಯಾಟಿನ ತಾರಸಿ ವರ್ಷಕ್ಕೆ 20 ಟನ್ ತಪ್ಪಿಸಿದರೆ ಅದು ಸಣ್ಣ ಮಾತೂ ಅಲ್ಲ. ಆದರೆ ಈ ಬರಹದ ಧಾಟಿ ನಮ್ಮ ಹಳೆಯ ದಾನಶಾಸನಗಳದು. ಶಾಸನದಲ್ಲಿ ದಾನಿಯ ವಂಶಾವಳಿ, ಬಿರುದುಗಳು ಇರುತ್ತಿದ್ದವು ನಿಜ. ಅದರ ಜೊತೆಗೆ ಭೂಮಿಯ ಎಲ್ಲೆ, ಆದಾಯ ಯಾವ ಕೆಲಸಕ್ಕೆ ಸಲ್ಲಬೇಕು, ನೋಡಿಕೊಳ್ಳುವವರು ಯಾರು ಎಂಬುದೂ ಇರುತ್ತಿತ್ತು. ಕೊನೆಗೆ ದತ್ತಿಗೆ ಅಳುಪಿದವನಿಗೆ ಕಾಶಿಯಲ್ಲಿ ಕವಿಲೆ ಹಸು ಕೊಂದ ಪಾಪ ಬರಲೆಂಬ ಶಾಪ. ಬಿರುದು ಕೊಟ್ಟವನ ಸುಖಕ್ಕೆ; ಶಾಪ ದತ್ತಿಯ ರಕ್ಷಣೆಗೆ. ನಾವು ಬಿರುದನ್ನು ಉಳಿಸಿಕೊಂಡು ಶಾಪವನ್ನು ಬಿಟ್ಟೆವು. ಬೇಸಿಗೆಯ ಧೂಳು ಎರಡು ತಿಂಗಳು ಕೂತರೆ ಫಲಕದ ಇಳುವರಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಬಕೆಟ್ಟು, ನೀರು, ಉದ್ದ ಹಿಡಿಯ ಒರೆಸುಬಟ್ಟೆ, ಹದಿನೈದು ದಿನಕ್ಕೊಮ್ಮೆ ತಾರಸಿ ಹತ್ತುವ ಒಬ್ಬ ಮನುಷ್ಯ, ಇಷ್ಟೇ ಬೇಕಾದದ್ದು. ಆ ಮನುಷ್ಯನ ಕೂಲಿ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಂಬುದು ಇತ್ಯರ್ಥವಾಗದೆ ಧೂಳು ತಿನ್ನುತ್ತಾ ಕೂತ ಫಲಕಗಳು ಸರ್ಕಾರಿ ಕಟ್ಟಡಗಳ ಮೇಲೆ ಅಪರೂಪವಲ್ಲ. ಕಾಯಕವಿಲ್ಲದ ದಾಸೋಹವನ್ನು ಶರಣರು ಒಪ್ಪಿರಲಿಲ್ಲ. ಇಲ್ಲಿ ಕಾಯಕವೆಂದರೆ ಆ ಒರೆಸುವ ಕೆಲಸವೇ.

ಈ ವಾದಕ್ಕೆ ಮೊದಲ ಆಕ್ಷೇಪ ತಾತ್ವಿಕವಾದದ್ದು. ಇನ್ವರ್ಟರಿಗೆ ಮನಸ್ಸಿಲ್ಲ, ಸಂಕಲ್ಪವಿಲ್ಲ. ಪುರಸಭೆಯೂ ಕಾನೂನು ಕಟ್ಟಿದ ಸಂಸ್ಥೆ, ಅದಕ್ಕೆ ಆತ್ಮವಿಲ್ಲ. ಭಾವವೇ ಇಲ್ಲದ ಕಡೆ ದಾಸೋಹವೆಲ್ಲಿಂದ ಬಂತು? ಮೇಲಾಗಿ ಇದು ಅಪ್ಪಟ ವ್ಯಾಪಾರ, ಲೈನಿಗೆ ಕಳಿಸಿದ ಪ್ರತಿ ಯೂನಿಟ್ಟೂ ಬಿಲ್ಲಿನಲ್ಲಿ ಜಮೆಯಾಗುತ್ತದೆ. ಲಕ್ಕಮ್ಮ ಸುರಿಸಿದ ಅಕ್ಕಿಗೆ ರಸೀದಿ ಕೇಳಿದ್ದಳೇ? ಆಕ್ಷೇಪದ ಮೊದಲ ಅರ್ಧಕ್ಕೆ ಉತ್ತರ ಕಷ್ಟವಲ್ಲ. ಸಂಸ್ಥೆಗೆ ಆತ್ಮವಿಲ್ಲದಿರಬಹುದು, ನಿರ್ಣಯವಿದೆ. ಸಾಮಾನ್ಯ ಸಭೆಯಲ್ಲಿ ಕೈ ಎತ್ತುವವರು, ಟೆಂಡರಿನ ಷರತ್ತು ಬರೆಯುವವರು, ಬಿಲ್ಲಿಗೆ ಸಹಿ ಹಾಕುವವರು ಮನುಷ್ಯರೇ. ಏತಕ್ಕಾಗಿ ಕೂರಿಸುತ್ತಿದ್ದೇವೆ ಎಂದು ಅವರು ತಮಗೆ ತಾವೇ ಹೇಳಿಕೊಳ್ಳುವ ಕಾರಣದಿಂದಲೇ ಮುಂದಿನ ಹತ್ತು ಸಣ್ಣ ತೀರ್ಮಾನಗಳು ಹುಟ್ಟುತ್ತವೆ. ಬಿಲ್ಲು ಉಳಿಸಲಿಕ್ಕೆ ಎಂದುಕೊಂಡವರು ತಮ್ಮ ಬಳಕೆಗೆ ಸಾಕಾದಷ್ಟೇ ಫಲಕ ಹಾಕಿ ಉಳಿದ ತಾರಸಿಯನ್ನು ಖಾಲಿ ಬಿಡುತ್ತಾರೆ, ಅವರ ಲೆಕ್ಕಕ್ಕೆ ಅದು ಸರಿಯೇ. ಋಣ ತೀರಿಸಲಿಕ್ಕೆ ಎಂದುಕೊಂಡವರು ನಿಯಮ ಬಿಟ್ಟಷ್ಟು ಜಾಗವನ್ನೆಲ್ಲ ಬಳಸುತ್ತಾರೆ, ಏಕೆಂದರೆ ಸಾರ್ವಜನಿಕ ತಾರಸಿಯ ಮೇಲೆ ಬಿದ್ದು ಸುಮ್ಮನೆ ಕಾದು ಹೋಗುವ ಬಿಸಿಲು ಅವರಿಗೆ ಪೋಲಾದ ಅಕ್ಕಿಯಂತೆ ಕಾಣುತ್ತದೆ. ಭಾವ ಬೇರೆಯಾದರೆ ಕಿಲೋವ್ಯಾಟೂ ಬೇರೆಯಾಗುತ್ತದೆ. ಆಕ್ಷೇಪದ ಇನ್ನರ್ಧ, ರಸೀದಿಯ ಪ್ರಶ್ನೆ, ಇಷ್ಟು ಸುಲಭವಲ್ಲ. ಅದಕ್ಕೆ ಉತ್ತರ ಹುಡುಕಹೊರಟರೆ ನನ್ನ ವಾದವೇ ಇನ್ನಷ್ಟು ಬಿಗಿಯಾಗಬೇಕಾಗುತ್ತದೆ.

ನೆಟ್ ಮೀಟರಿಂಗ್ ಎಂದರೆ ಬಂದದ್ದರಿಂದ ಹೋದದ್ದನ್ನು ವಜಾ ಮಾಡಿ ಉಳಿದದ್ದಕ್ಕೆ ಮಾತ್ರ ಬಿಲ್ಲು. ಕೇಳಲು ನ್ಯಾಯವಾಗಿದೆ. ಆದರೆ ಅದರೊಳಗೆ ಒಂದು ಮೌನ ಸಮೀಕರಣವಿದೆ: ಮಧ್ಯಾಹ್ನ ಹನ್ನೆರಡರ ಯೂನಿಟ್ಟೂ ರಾತ್ರಿ ಏಳರ ಯೂನಿಟ್ಟೂ ಒಂದೇ. ಕರ್ನಾಟಕದಲ್ಲಿ ಇದು ಈಗ ನಿಜವಲ್ಲ. ಮಧ್ಯಾಹ್ನ ಪಾವಗಡದಿಂದ ಹಿಡಿದು ಸಾವಿರಾರು ತಾರಸಿಗಳವರೆಗೆ ಎಲ್ಲ ಕಡೆಯೂ ಸೋಲಾರ್ ಉಕ್ಕುತ್ತಿರುತ್ತದೆ. ಸೂರ್ಯ ಇಳಿದು ಮನೆಮನೆಯ ದೀಪ ಹತ್ತಿದಾಗ ಅದೇ ಗ್ರಿಡ್ ಶರಾವತಿಯ ತೂಬನ್ನು ತೆರೆಯಬೇಕು, ಶಕ್ತಿನಗರದ ಬಾಯ್ಲರನ್ನು ಏರಿಸಬೇಕು. ಸುಗ್ಗಿಯಲ್ಲಿ ಒಂದು ಸೇರು ಕೊಟ್ಟು ಬರಗಾಲದಲ್ಲಿ ಒಂದು ಸೇರು ವಾಪಸ್ ಪಡೆದವನು ಬಾಕಿ ತೀರಿತೆಂದು ಕೈ ತೊಳೆದುಕೊಂಡ ಹಾಗೆ ಇದು. ಇಲ್ಲಿಯೇ ಇನ್ನೊಂದು ತೂಕದ ಆಕ್ಷೇಪವೂ ಸೇರಿಕೊಳ್ಳುತ್ತದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರು, ಉಪಕೇಂದ್ರ, ಸಿಬ್ಬಂದಿ, ಇವುಗಳ ಖರ್ಚು ಬಿಸಿಲಿಗೂ ಮಳೆಗೂ ಬದಲಾಗುವುದಿಲ್ಲ. ಸರಿಯಾಗಿ ಹಣ ಕಟ್ಟಬಲ್ಲ ಗ್ರಾಹಕರು ಒಬ್ಬೊಬ್ಬರಾಗಿ ತಾರಸಿಗೆ ಸೋಲಾರ್ ಹಾಕಿಸಿಕೊಂಡು ಬಿಲ್ಲನ್ನು ಸೊನ್ನೆಗೆ ಇಳಿಸಿದರೆ, ಆ ಖರ್ಚು ತಾರಸಿಯೇ ಇಲ್ಲದವರ ಮೇಲೆ, ತಗಡಿನ ಸೂರಿನವರ ಮೇಲೆ, ಬಾಡಿಗೆ ಮನೆಯವರ ಮೇಲೆ ಬೀಳುತ್ತದೆ. ಇಲ್ಲವೇ ಮನೆಗಳ ಉಚಿತ ಕರೆಂಟಿನ ಗೃಹಜ್ಯೋತಿಗೂ ರೈತರ ಪಂಪ್‌ಸೆಟ್ಟಿಗೂ ಹಣ ಹೊಂದಿಸಬೇಕಾದ ಖಜಾನೆಯ ಮೇಲೆ. ಖಾಸಗಿ ಮನೆಯವನಿಗೆ ಇದನ್ನು ಯೋಚಿಸು ಎನ್ನುವುದು ಅತಿಯಾದೀತು. ಪುರಸಭೆಗೆ ಎನ್ನಲೇಬೇಕು, ಆ ತಗಡಿನ ಸೂರಿನವರೂ ಅದರ ಮತದಾರರೇ ತಾನೆ. ಆದ್ದರಿಂದ ಸೊನ್ನೆ ಬಿಲ್ಲು ಪುರಸಭೆ ಹೆಮ್ಮೆಪಡುವ ಗುರಿಯಲ್ಲ ಎಂದೇ ನನ್ನ ಅಭಿಪ್ರಾಯ. ನಿಗದಿತ ಶುಲ್ಕವನ್ನು ತಕರಾರಿಲ್ಲದೆ ಕಟ್ಟಬೇಕು. ಹೊರಗೆ ಕಳಿಸಿದ ಯೂನಿಟ್ಟಿಗೆ ತಾನು ಕೊಳ್ಳುವ ದರವನ್ನೇ ಕೊಡಿ ಎಂದು ಹಟ ಹಿಡಿಯದೆ, ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡುವ ಕಡಿಮೆ ಬೆಲೆಯನ್ನು ಒಪ್ಪಿಕೊಳ್ಳಬೇಕು. ಕತ್ತಲಾದ ಮೇಲಿನ ತನ್ನ ಬಳಕೆಯನ್ನು ಕಡಿಮೆ ಮಾಡಬೇಕು; ನೀರಿನ ಪಂಪು ಓಡಿಸುವ ಹೊತ್ತನ್ನು ಸಂಜೆಯಿಂದ ನಡುಹಗಲಿಗೆ ಸರಿಸಿದರೆ ಹತ್ತು ಹೊಸ ಫಲಕ ಹಾಕಿದ್ದಕ್ಕಿಂತ ಹೆಚ್ಚು ಉಪಕಾರವಾದೀತು. ಆಗ ರಸೀದಿ ಪೂರ್ತಿ ಇಲ್ಲವಾಗುವುದಿಲ್ಲ, ಅದರ ಮೊತ್ತ ಮಾತ್ರ ನ್ಯಾಯವಾದದ್ದಕ್ಕೆ ಇಳಿಯುತ್ತದೆ. ಸಾರ್ವಜನಿಕ ಹಣ ಕಾಯುವವರಿಂದ ಲಕ್ಕಮ್ಮನ ಪೂರ್ತಿ ನಿಷ್ಠುರತೆಯನ್ನು ಕೇಳಲಾಗದು, ಅವಳು ಬಿಟ್ಟುಕೊಟ್ಟದ್ದು ತನ್ನ ಮನೆಗೆ ಬಂದ ಅಕ್ಕಿ, ಇವರ ಕೈಯಲ್ಲಿರುವುದು ಊರಿನ ತೆರಿಗೆ.

ಜನಸಾಮಾನ್ಯರು ಎತ್ತುವ ಆಕ್ಷೇಪ ಇವೆಲ್ಲಕ್ಕಿಂತ ನೇರವಾದದ್ದು. ಕರೆಂಟು ಹೋದಾಗ ಈ ಸೋಲಾರ್ ಕೂಡ ಹೋಗುತ್ತದೆ. ನೆತ್ತಿಯ ಮೇಲೆ ಉರಿಬಿಸಿಲು, ತಾರಸಿಯ ತುಂಬ ಫಲಕ, ಕೆಳಗೆ ಫ್ಯಾನು ನಿಂತಿದೆ, ಖಾತೆ ನಕಲು ಕೇಳಲು ಬಂದವರು ರಟ್ಟು ಬೀಸಿಕೊಳ್ಳುತ್ತಾ ಕೂತಿದ್ದಾರೆ. ಇದಕ್ಕೆ ಹತ್ತು ಲಕ್ಷ ಯಾಕೆ ಸುರಿದಿರಿ ಎಂದು ಅವರು ಕೇಳಿದರೆ ತಪ್ಪಿಲ್ಲ. ಕಾರಣ ತಿಳಿದ ಮೇಲೂ ಸಿಟ್ಟು ಉಳಿಯಬಹುದು, ಆದರೆ ಕಾರಣ ತಿಳಿಯಬೇಕು. ಲೈನು ಕೆಟ್ಟಾಗ ಪವರ್‌ಮ್ಯಾನ್ ಉಪಕೇಂದ್ರದಿಂದ ಲೈನ್ ಕ್ಲಿಯರ್ (ಎಲ್‌ಸಿ) ಪಡೆದು, ಲೈನು ಸತ್ತಿದೆ ಎಂಬ ಭರವಸೆಯ ಮೇಲೆ ಕಂಬ ಹತ್ತುತ್ತಾನೆ. ಆ ಹೊತ್ತಿನಲ್ಲಿ ಒಂದು ತಾರಸಿ ತನ್ನಷ್ಟಕ್ಕೆ ಕರೆಂಟು ಹೊರಬಿಡುತ್ತಿದ್ದರೆ, ಅದು ಟ್ರಾನ್ಸ್‌ಫಾರ್ಮರನ್ನು ಹಿಂದುಮುಂದಾಗಿ ದಾಟುವಾಗ 230 ವೋಲ್ಟ್ ಹೋಗಿ 11 ಸಾವಿರ ವೋಲ್ಟ್ ಆಗುತ್ತದೆ, ಮೇಲೆ ಹತ್ತಿದವನ ಕೈಯಲ್ಲಿ. ಆದ್ದರಿಂದ ಗ್ರಿಡ್ ಸತ್ತದ್ದು ಗೊತ್ತಾಗುತ್ತಲೇ, ಎರಡು ಸೆಕೆಂಡಿನೊಳಗೆ, ಇನ್ವರ್ಟರ್ ತಾನೂ ಸುಮ್ಮನಾಗಬೇಕೆಂಬುದು ನಿಯಮ. ಎಂಜಿನಿಯರುಗಳು ಇದನ್ನು ದ್ವೀಪವಾಗದಿರುವುದು ಎನ್ನುತ್ತಾರೆ. ಪರಿಭಾಷೆಗಳಲ್ಲಿ ಇಷ್ಟು ತೂಕವಿರುವುದು ಅಪರೂಪ. ಸುತ್ತಲಿನವರೆಲ್ಲ ಕತ್ತಲಲ್ಲಿರುವಾಗ ತಾನೊಬ್ಬ ಬೆಳಗುವುದು ದ್ವೀಪವಾಗುವುದು. ಮುಖ ಪರಿಚಯವೂ ಇಲ್ಲದ ಒಬ್ಬ ಕೆಲಸಗಾರನ ಜೀವಕ್ಕಾಗಿ ಬಿಸಿಲಿದ್ದೂ ಮೌನವಾಗುವುದು ದ್ವೀಪವಾಗದಿರುವುದು. ಅಹಿಂಸೆಯನ್ನು ಯಂತ್ರಕ್ಕೆ ಕಲಿಸಿದ್ದು ಇಲ್ಲಿ ಎಂದು ಹೇಳುವ ಆಸೆಯಾಗುತ್ತದೆ, ಆದರೆ ಇನ್ವರ್ಟರಿಗೆ ಮನಸ್ಸಿಲ್ಲವೆಂದು ಈಗಷ್ಟೇ ಒಪ್ಪಿದ್ದೇನೆ. ಕಲಿತದ್ದು ನಿಯಮ ಬರೆದವರು.

ಹಾಗೆಂದು ಕತ್ತಲನ್ನೇ ಗುಣವೆಂದು ಬೋಧಿಸಲು ಹೊರಟರೆ ಅದು ಹೊಟ್ಟೆ ತುಂಬಿದವರ ವೇದಾಂತವಾದೀತು. ಹೆರಿಗೆ ಆಸ್ಪತ್ರೆ, ಅಗ್ನಿಶಾಮಕ ಠಾಣೆ, ಕುಡಿಯುವ ನೀರಿನ ಪಂಪ್‌ಹೌಸು, ಪ್ರವಾಹದ ದಿನ ಊರಿನವರು ಬಂದು ಸೇರುವ ಸಮುದಾಯಭವನ, ಇಲ್ಲೆಲ್ಲ ಕರೆಂಟು ನಿಲ್ಲಬಾರದು. ಅದಕ್ಕೆ ದಾರಿಯೂ ಇದೆ: ಬ್ಯಾಟರಿಯೊಂದಿಗೆ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್ ಕಟ್ಟಡವನ್ನು ಲೈನಿನಿಂದ ಪೂರ್ತಿ ಕಡಿದು, ಒಳಗಿನ ಮುಖ್ಯ ದೀಪ, ಯಂತ್ರಗಳಿಗೆ ಮಾತ್ರ ಕರೆಂಟು ಕೊಡುತ್ತದೆ. ಲೈನಿಗೆ ಹನಿಯೂ ಸೋರುವುದಿಲ್ಲ, ಕಂಬದ ಮೇಲಿನವನಿಗೆ ಅಪಾಯವಿಲ್ಲ. ಖರ್ಚು ಹೆಚ್ಚು, ಬ್ಯಾಟರಿಯ ಆಯುಸ್ಸು ಫಲಕದ ಆಯುಸ್ಸಿಗಿಂತ ಬಹಳ ಕಡಿಮೆ; ಆದ್ದರಿಂದ ಜೀವದ ಪ್ರಶ್ನೆ ಇರುವ ಕಡೆ ಹಾಕಬೇಕು, ಕಂದಾಯ ಶಾಖೆಯ ಫ್ಯಾನಿಗೆ ಬೇಡ. ನಿಷೇಧವಿರುವುದು ಒಳಗೆ ದೀಪ ಹಚ್ಚಿಕೊಳ್ಳುವುದಕ್ಕಲ್ಲ, ಇನ್ನೊಬ್ಬನ ಕೈಗೆ ಸಾವು ಕಳಿಸುವುದಕ್ಕೆ. ಇಷ್ಟು ಬಿಡಿಸಿ ನೋಡಿದರೆ ಆ ಆಕ್ಷೇಪದಲ್ಲಿ ಉಳಿಯುವುದು ನಮ್ಮ ಸಹನೆಯ ಪ್ರಶ್ನೆ ಮಾತ್ರ.

ಇನ್ನು, ಬಿಸಿಲನ್ನು ಯೂನಿಟ್ಟಾಗಿ ಎಣಿಸುವುದು ರಥಸಪ್ತಮಿಗೆ ಅರ್ಘ್ಯ ಕೊಡುವ ಜನಕ್ಕೆ ತರವೇ ಎಂದು ಕೇಳುವವರಿದ್ದಾರೆ. ಇದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಫಲಕ ಹಿಡಿದದ್ದರಿಂದ ಸೂರ್ಯನಲ್ಲಿ ಏನೂ ಕಡಿಮೆಯಾಗುವುದಿಲ್ಲ. ಹಿಡಿಯದೆ ಬಿಟ್ಟಿದ್ದರೆ ಆ ಶಾಖ ಕಾಂಕ್ರೀಟನ್ನು ಕಾಯಿಸಿ ಹೋಗುತ್ತಿತ್ತು. ವ್ಯಾಟಿಕನ್‌ನವರು 2008ರಲ್ಲಿ ಪೋಪರ ದರ್ಶನ ಸಭೆ ನಡೆಯುವ ಆರನೆಯ ಪಾಲ್ ಭವನದ ಮಾಡಿಗೆ 2,400ರಷ್ಟು ಫಲಕಗಳನ್ನು ಹೊದಿಸಿದಾಗ ಸೃಷ್ಟಿಯನ್ನು ಕಾಪಾಡುವ ಹೊಣೆ ಎಂಬ ಮಾತು ಆಡಿದರು. ಅದು ಅವರ ದೇವತಾಶಾಸ್ತ್ರದ ನುಡಿಗಟ್ಟು. ನಮ್ಮಲ್ಲಿ ಅದೇ ಮಾತಿಗೆ ಯಜ್ಞಚಕ್ರದ ಭಾಷೆ ಇದೆ. ಪಡೆದದ್ದರಲ್ಲಿ ಮರಳಿ ಕೊಡದೆ ಉಣ್ಣುವವನನ್ನು ಗೀತೆಯ ಮೂರನೆಯ ಅಧ್ಯಾಯ ಕಳ್ಳನ ಸಾಲಿಗೆ ಸೇರಿಸುತ್ತದೆ.

ಹೆಚ್ಚು ಗಂಭೀರವಾದದ್ದು ಸ್ವಾವಲಂಬನೆಯವರ ಆಕ್ಷೇಪ. ಊರು ತನ್ನ ಕರೆಂಟನ್ನು ತಾನೇ ಮಾಡಿಕೊಂಡು ಈ ದೈತ್ಯ ಗ್ರಿಡ್‌ನಿಂದ ಬಿಡುಗಡೆ ಹೊಂದುವುದೇ ಸ್ವರಾಜ್ಯವಲ್ಲವೇ ಎಂದು ಅವರು ಕೇಳುತ್ತಾರೆ. 2012ರ ಜುಲೈ 30ರಂದು ಉತ್ತರದ, 31ರಂದು ಉತ್ತರ, ಪೂರ್ವ, ಈಶಾನ್ಯದ ಗ್ರಿಡ್‌ಗಳು ಕುಸಿದು ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಕತ್ತಲಾದದ್ದು ಅವರ ಸಾಕ್ಷ್ಯ. ಆಗ ದಕ್ಷಿಣ ಉಳಿದದ್ದು ನಮ್ಮ ಗ್ರಿಡ್ ಬೇರೆ ತಾಳದಲ್ಲಿ ಮಿಡಿಯುತ್ತಿದ್ದುದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆವಿ ಮಾರ್ಗದ ಮೂಲಕ ದಕ್ಷಿಣವೂ ಅದೇ ತಾಳಕ್ಕೆ ಸೇರಿತು. ಅಂದಿನಿಂದ ಕಾಶ್ಮೀರದ ದೀಪವೂ ಮಂಗಳೂರಿನ ದೀಪವೂ ಒಂದೇ 50ರ ಮಿಡಿತದಲ್ಲಿ ಉರಿಯುತ್ತವೆ. ಲಕ್ಕಮ್ಮನ ಸೀಮೆಯಲ್ಲೇ ಈ ಗಂಟು ಬಿದ್ದದ್ದು ನನಗೆ ಹಿಡಿಸಿದ ಸಂಗತಿ. ಗಂಟು ಬಿದ್ದದ್ದರಿಂದ ಅಪಾಯ ಹೆಚ್ಚಿತೇ? ಒಬ್ಬರ ತಪ್ಪು ಎಲ್ಲರಿಗೂ ತಟ್ಟುವ ಸಾಧ್ಯತೆ ಹೆಚ್ಚಿತು, ಒಬ್ಬರ ಕೊರತೆಯನ್ನು ಎಲ್ಲರೂ ಸೇರಿ ತುಂಬುವ ಶಕ್ತಿಯೂ ಹೆಚ್ಚಿತು. ಗ್ರಾಮಸ್ವರಾಜ್ಯದ ಮಾತು ಬಂದಾಗ ಗಾಂಧೀಜಿಯನ್ನು ಕರೆಯುವವರು, ಪರಸ್ಪರಾವಲಂಬನೆಯೂ ಸ್ವಾವಲಂಬನೆಯಷ್ಟೇ ಮನುಷ್ಯನ ಆದರ್ಶವಾಗಬೇಕೆಂದು ಅವರು ಯಂಗ್ ಇಂಡಿಯಾದಲ್ಲಿ ಬರೆದದ್ದನ್ನು ಮರೆಯುತ್ತಾರೆ. ತಂತಿ ತಲುಪದ ಕಾಡಂಚಿನ ಹಾಡಿಗೆ ಬ್ಯಾಟರಿಯ ಸೋಲಾರ್ ಸರಿಯಾದದ್ದು, ಅಲ್ಲಿ ಬೇರೆ ಮಾತಿಲ್ಲ. ಆದರೆ ಊರಿನ ನಡುಮಧ್ಯೆ, ಎಲ್ಲರ ತೆರಿಗೆಯಿಂದ ಎದ್ದ ಕಟ್ಟಡ ತನ್ನ ಬಿಸಿಲನ್ನು ತನ್ನ ಬ್ಯಾಟರಿಯಲ್ಲೇ ಮುಚ್ಚಿಟ್ಟುಕೊಂಡು ನಮಗೆ ಗ್ರಿಡ್ ಬೇಕಿಲ್ಲ ಎಂದರೆ, ಅದು ವೈರಾಗ್ಯದ ವೇಷ ಹಾಕಿದ ಸಂಗ್ರಹಬುದ್ಧಿ. ಭಾನುವಾರ ಬ್ಯಾಟರಿ ತುಂಬಿದ ಮೇಲೆ ಬಂದ ಬಿಸಿಲೆಲ್ಲ ಅಲ್ಲಿ ವ್ಯರ್ಥ. ಪಕ್ಕದ ಟೈಲರನ ಇಸ್ತ್ರಿಪೆಟ್ಟಿಗೆಗೂ ಇಲ್ಲ.

ನನ್ನ ವಾದಕ್ಕೆ ನಿಜವಾಗಿ ಇಕ್ಕಟ್ಟು ತರುವುದು ಕೊನೆಯ ಆಕ್ಷೇಪ. ಶರಣರು ಕಾಯಕದ ಫಲವನ್ನಷ್ಟೇ ನೋಡಲಿಲ್ಲ, ಮೂಲವನ್ನೂ ವಿಚಾರಿಸಿದರು. ಕೆಟ್ಟ ದಾರಿಯಿಂದ ಬಂದದ್ದರಿಂದ ದಾಸೋಹ ನಡೆಯದು. ಹಾಗಾದರೆ ಈ ಫಲಕಗಳ ಮೂಲವೇನು? ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2022ರ ವರದಿಯ ಪ್ರಕಾರ ಸೋಲಾರ್ ಫಲಕ ತಯಾರಿಕೆಯ ಎಲ್ಲ ಹಂತಗಳಲ್ಲೂ ಚೀನಾದ ಪಾಲು ಶೇ. 80ಕ್ಕಿಂತ ಹೆಚ್ಚು. ಸಿಲಿಕಾನನ್ನು ಕರಗಿಸಿ ಶುದ್ಧಗೊಳಿಸಲು ಅಲ್ಲಿ ಉರಿಯುವುದು ಹೆಚ್ಚಾಗಿ ಕಲ್ಲಿದ್ದಲು. ಷಿನ್‌ಜಿಯಾಂಗ್‌ನಲ್ಲಿ ಉಯ್ಗುರ್ ಜನರಿಂದ ಬಲವಂತದ ದುಡಿಮೆ ಮಾಡಿಸಲಾಗುತ್ತಿದೆ ಎಂಬ ಆರೋಪದ ಮೇಲೆ ಅಲ್ಲಿಯ ಸರಕನ್ನು ತಡೆಯಲು ಅಮೆರಿಕ 2021ರಲ್ಲಿ ಕಾನೂನು ಮಾಡಿತು. ಚೀನಾ ಆ ಆರೋಪವನ್ನು ಅಲ್ಲಗಳೆಯುತ್ತದೆ. ನಮ್ಮಲ್ಲಿ ಜೋಡಿಸಿದ ಫಲಕದ ಒಳಗೂ ಸಿಲಿಕಾನಿನ ಬಿಲ್ಲೆ ಹೆಚ್ಚಾಗಿ ಹೊರಗಿನಿಂದಲೇ ಬಂದದ್ದು. ಇಂಗಾಲದ ಮಟ್ಟಿಗೆ ಸಮಾಧಾನವಿದೆ. ತಯಾರಿಕೆಗೆ ಹಿಡಿದ ಶಕ್ತಿಯನ್ನು ಫಲಕ ನಮ್ಮ ಬಿಸಿಲಿನಲ್ಲಿ ಒಂದೆರಡು ವರ್ಷದೊಳಗೆ ಹಿಂದಿರುಗಿಸಿ, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೊಡುತ್ತಲೇ ಇರುತ್ತದೆ. ಬೆವರಿನ ಮಟ್ಟಿಗೆ ಅಂಥ ಸಮಾಧಾನವಿಲ್ಲ, ಅಲ್ಲಿ ವಜಾ ಮಾಡಿ ಲೆಕ್ಕ ಚುಕ್ತಾ ಮಾಡುವ ಮೀಟರಿಲ್ಲ. ಒಂದು ಪುರಸಭೆ 20 ಕಿಲೋವ್ಯಾಟಿನ ಗಿರಾಕಿಯಾಗಿ ಚೀನಾದ ಕಾರ್ಖಾನೆಯನ್ನು ಬದಲಿಸಲಾರದು ಎಂಬುದು ನಿಜ. ಆದರೂ ಬಿಲ್ಲೆ ಎಲ್ಲಿಯದು, ಸಿಲಿಕಾನ್ ಎಲ್ಲಿಯದು ಎಂದು ಟೆಂಡರಿನಲ್ಲಿ ಬರೆದು ಕೇಳುವುದಕ್ಕೆ ಖರ್ಚಿಲ್ಲ. ನೂರು ಪುರಸಭೆಗಳು ಕೇಳಿದಾಗ ಮಾರುವವರು ಉತ್ತರ ಸಿದ್ಧಮಾಡಿಕೊಳ್ಳುತ್ತಾರೆ. ಕಲ್ಲಿದ್ದಲಿನ ಗಣಿಯೂ ಮುಳುಗಡೆಯ ಕಣಿವೆಯೂ ಸ್ವಚ್ಛ ಮೂಲಗಳಾಗಿರಲಿಲ್ಲ ಎಂಬ ಉತ್ತರ ಕೊಡಬಹುದು, ಕೊಡುವವರಿದ್ದಾರೆ; ಅದು ಆಕ್ಷೇಪಕ್ಕೆ ಉತ್ತರವಲ್ಲ, ಹಳೆಯ ಬಾಕಿಯನ್ನು ತೋರಿಸಿ ಹೊಸ ಬಾಕಿಯನ್ನು ಮರೆಸುವುದು.

ಮೂಲದ ಹಾಗೆಯೇ ಕೊನೆಯೂ. ಫಲಕ ಪ್ರತಿ ವರ್ಷ ಅರ್ಧ ಶೇಕಡದಷ್ಟು ಸೊರಗುತ್ತಾ ಹೋಗುತ್ತದೆ. ತಯಾರಕರ ಭರವಸೆ ಸಾಮಾನ್ಯವಾಗಿ 25 ವರ್ಷಕ್ಕೆ. ಈ ವರ್ಷ ಕೂರಿಸಿದ್ದನ್ನು 2050ರ ಸುಮಾರಿಗೆ ಇಳಿಸಬೇಕು: ಗಾಜು, ಅಲ್ಯೂಮಿನಿಯಂ ಚೌಕಟ್ಟು, ಪ್ಲಾಸ್ಟಿಕ್ಕಿನ ಹೊದಿಕೆ, ಬೆಸುಗೆಯಲ್ಲಿ ಚೂರು ಸೀಸ, ಎಲ್ಲ ಸೇರಿ ಒಂದು ಟನ್ನಿಗೂ ಹೆಚ್ಚು ತೂಕ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಸೋಲಾರ್ ಫಲಕವನ್ನೂ ಒಳಗೆ ತೆಗೆದುಕೊಂಡು ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಆದರೆ ಇಪ್ಪತ್ತೈದು ವರ್ಷದ ನಂತರ ಆ ಕಂಪನಿ ಇರುತ್ತದೋ ಇಲ್ಲವೋ, ತಾರಸಿಯ ಮೇಲಿನ ಒಡೆದ ಗಾಜಂತೂ ಇರುತ್ತದೆ. ಆ ಹೊತ್ತಿನ ಪುರಸಭೆಯ ಸದಸ್ಯರಲ್ಲಿ ಕೆಲವರು ಇನ್ನೂ ಹುಟ್ಟಿಲ್ಲ. ಅವರ ಮೇಲೆ ನಮ್ಮ ಬಾಕಿಯನ್ನು ಹೊರಿಸದಿರಬೇಕಾದರೆ ಇಳಿಸಿ ಸಾಗಿಸುವ ಖರ್ಚಿಗೆ ಮೊದಲ ವರ್ಷದಿಂದಲೇ, ಬಿಲ್ಲಿನಲ್ಲಿ ಉಳಿದ ಹಣದಿಂದ, ಒಂದು ಸಣ್ಣ ಠೇವಣಿ ತೆಗೆದಿಡಬೇಕು, ಮತ್ತು ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದೆಂಬ ಸಾಲನ್ನು ಸಾಮಾನ್ಯ ಸಭೆಯ ನಿರ್ಣಯದಲ್ಲಿ ಬರೆಸಬೇಕು. ಬಾಗಿಲಿನ ಗ್ರಾನೈಟ್ ಕಲ್ಲಿನಲ್ಲಿ ಇನ್ನೂ ಜಾಗವಿದ್ದರೆ ಆ ಸಾಲನ್ನು ಅಲ್ಲೇ ಕೆತ್ತಿಸಬಹುದು, ಕವಿಲೆಯ ಶಾಪ ಇರುತ್ತಿದ್ದ ಸ್ಥಳದಲ್ಲಿ.